ಕೆನ್ನೆಗೆ ತಣ್ಣಗಿದ್ದದ್ದು

ಇಪ್ಪತ್ತೈದು ಪೌಂಡಿನ ಜೇಡಿಮಣ್ಣಿನ ಚೀಲಕ್ಕೆ ಇಪ್ಪತ್ತೆಂಟು ಡಾಲರ್. ತಿಂಗಳ ಸದಸ್ಯತ್ವಕ್ಕೆ ತೊಂಬತ್ತು. ಸುಡುವುದಕ್ಕೆ ಬೇರೆ, ಅದು ಪಾತ್ರೆಯ ಎತ್ತರ ಅಗಲ ನೋಡಿಕೊಂಡು. ಕಾಫಿ ಪುಕ್ಕಟೆ, ಗುರುವಾರ ಯಾರಾದರೂ ತರುವ ತಿಂಡಿ ಪುಕ್ಕಟೆ, ಮಾತು ಪುಕ್ಕಟೆ. ಮಾರ್ಲಿಸ್ ಇದರಲ್ಲಿ ಯಾವುದಕ್ಕೂ ಕಾಸು ಬಿಚ್ಚುತ್ತಿರಲಿಲ್ಲ. ಮಣ್ಣಿನ ಪಾತ್ರೆ ಸುಡುವ ಆವಿಗೆಯನ್ನು ತುಂಬುವುದು, ಉರಿ ಹಾಕುವುದು, ಆರಿದ ಮೇಲೆ ಖಾಲಿ ಮಾಡುವುದು ಅವಳ ಕೆಲಸ. ಅದಕ್ಕೆ ಪ್ರತಿಯಾಗಿ ಅವಳಿಗೆ ಎಲ್ಲವೂ ಬಿಟ್ಟಿ. ಆವಿಗೆ ಕೋಣೆಯ ಕೀಲಿ ಒಂಬತ್ತು ವರ್ಷದಿಂದ ಅವಳ ಕಾರಿನ ಕೀಲಿಯ ಜೊತೆ ಒಂದೇ ಕೀಲಿಬಳೆಯಲ್ಲಿ ತೂಗುತ್ತಿತ್ತು. ಆ ಕೀಲಿಗೆ ಬೆಲೆ ಎಷ್ಟು ಎಂದು ಅವಳು ಯಾವತ್ತೂ ಯೋಚಿಸಿದವಳಲ್ಲ. ಇವತ್ತು ಮಧ್ಯಾಹ್ನ, ಕುಂಬಾರಿಕೆಯ ಸ್ಟುಡಿಯೋದ ಎದುರು ಕಾರು ನಿಲ್ಲಿಸಿ, ಎಂಜಿನ್ ಆರಿಸದೆ, ಹೀಟರಿನ ಗಾಳಿಗೆ ಮೊಣಕಾಲು ಒಡ್ಡಿಕೊಂಡು ಕೂತಾಗ, ಅದನ್ನೇ ಯೋಚಿಸುತ್ತಿದ್ದಳು.

ಬೀದಿಯ ಆಚೆ ಕೊನೆಯಲ್ಲಿ ಸರೋವರ ಹೆಪ್ಪುಗಟ್ಟಿ ಬಿಳಿ ಹಾಸಿನ ಹಾಗೆ ಬಿದ್ದಿತ್ತು. ಸ್ಟುಡಿಯೋ ಮೊದಲು ಬೇಕರಿ ಆಗಿದ್ದ ಕಟ್ಟಡ. ಬ್ರೆಡ್ಡು ಜೋಡಿಸಿಡುತ್ತಿದ್ದ ದೊಡ್ಡ ಗಾಜಿನ ಕಿಟಕಿ ಹಾಗೇ ಇದೆ, ಅದರ ಹಿಂದೆ ಉದ್ದನೆಯ ಮೇಜು, ಮೇಜಿನ ಸುತ್ತ ಜನ. ಗಾಜಿಗೆ ಉಸಿರಿನ ಹಬೆ ಕಟ್ಟಿ ಮುಖಗಳು ತೋರುತ್ತಿರಲಿಲ್ಲ, ಆದರೆ ಯಾವ ಆಕಾರ ಯಾರದು ಎಂದು ಅವಳಿಗೆ ಗೊತ್ತು. ಅಗಲ ಬೆನ್ನು ಓರಿನ್‌ದು. ಎದ್ದು ನಿಂತು ಎರಡೂ ಕೈ ಬೀಸಿ ಮಾತಾಡುತ್ತಿರುವುದು ಲವಾನ್, ಕೂತು ಮಾತಾಡಲು ಬಾರದವಳು. ಒಂಬತ್ತು ವರ್ಷದಲ್ಲಿ ಮಾರ್ಲಿಸ್ ಗುರುವಾರದ ಆ ಮೇಜಿಗೆ ಒಂದು ದಿನವೂ ಕೂತಿರಲಿಲ್ಲ. ಯಾರೂ ಬೇಡ ಎಂದದ್ದಲ್ಲ. ಅವಳಿಗೆ ಕೆಲಸವಿರುತ್ತಿತ್ತು. ಆವಿಗೆ ಕೋಣೆಯ ಬಾಗಿಲು ಅರ್ಧ ತೆಗೆದಿಟ್ಟುಕೊಂಡು ಒಳಗೆ ಹಲಗೆ ಒರೆಸುತ್ತಲೋ, ಪಾತ್ರೆ ಎತ್ತಿಡುತ್ತಲೋ ಇರುವಾಗ ಹೊರಗಿನ ನಗು ಕೇಳಿಸುತ್ತಿತ್ತು. ತಾನೂ ಆ ನಗುವಿನಲ್ಲಿ ಇದ್ದೇನೆ ಅನ್ನಿಸುವಷ್ಟು ಹತ್ತಿರ, ಯಾರೂ ತನ್ನ ಕಡೆ ತಿರುಗಿ ನೀನೇನಂತೀಯ ಎಂದು ಕೇಳದಷ್ಟು ದೂರ. ಕರೆಯಬೇಕಾದ ಪ್ರಸಂಗವೇ ಬರದ ಹಾಗೆ ಕೆಲಸ ಹಚ್ಚಿಕೊಂಡವಳನ್ನು ಯಾರು ತಾನೇ ಕರೆದಾರು. ಇದು ಅವಳಿಗೆ ಗೊತ್ತಿತ್ತು. ಆದರೂ ಕರೆಯಲಿಲ್ಲವಲ್ಲ ಎಂಬ ಮುಳ್ಳೂ ಅಲ್ಲೇ ಇತ್ತು. ಎರಡೂ ಒಟ್ಟಿಗೆ ಇರಲು ಮನಸ್ಸಿನಲ್ಲಿ ಜಾಗಕ್ಕೇನು ಕೊರತೆ.

ಲವಾನ್ ಬಂದದ್ದು ಡಿಸೆಂಬರಿನಲ್ಲಿ. ವೃದ್ಧರ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ, ಕೈಯೆಲ್ಲ ಬ್ಲೀಚಿಗೆ ಸಿಪ್ಪೆ ಎದ್ದು ಕೆಂಪು. ಮೊದಲ ದಿನವೇ ಮೇಜಿನ ನಡುವೆ ಜಾಗ ಮಾಡಿಕೊಂಡು ಕೂತಳು. ತಿರುಗುವ ತಿಗರಿಯ ಮುಂದೆ ಕೂರಿಸಿದರೆ ಮಣ್ಣು ಹಾರಿ ಗೋಡೆಗೆ ಬಿತ್ತು. ಬಿದ್ದದ್ದನ್ನು ನೋಡಿ ಅವಳೇ ಎಲ್ಲರಿಗಿಂತ ಜೋರಾಗಿ ನಕ್ಕಳು. ಆಮೇಲೆ ತಿಗರಿಯ ಗೊಡವೆ ಬಿಟ್ಟು ಕೈಯಲ್ಲೇ ಒಂದು ಕೋಳಿ ಮಾಡಲು ಹೊರಟಳು. ನಿಜವಾದ ಕೋಳಿಯಷ್ಟು ದೊಡ್ಡದು, ಬುಡ ಎರಡು ಬೆರಳು ದಪ್ಪ. "ನೋಡಿ ಚಿನ್ನ, ಥೇಟ್ ನನ್ನ ಮೊದಲನೇ ಅತ್ತೆ," ಎಂದು ಎಲ್ಲರಿಗೂ ತೋರಿಸಿದಳು. "ಹಿಂದ್ಗಡೆ ಇಷ್ಟು ಭಾರ, ತಲೆ ಇಷ್ಟು ಸಣ್ಣದು, ಬಾಯಿ ಮಾತ್ರ ಯಾವಾಗ್ಲೂ ತೆಗೆದೇ." ಓರಿನ್ ಕೂಡ ನಕ್ಕ. ಹಡಗಿನಲ್ಲಿ ಮೂವತ್ತು ವರ್ಷ ಅಡುಗೆ ಮಾಡಿದ ಓರಿನ್, ಕೈ ನಡುಗುವ ಕಾಯಿಲೆ ಶುರುವಾದ ಮೇಲೆ ನಗುವುದನ್ನು ಹೆಚ್ಚುಕಡಿಮೆ ಬಿಟ್ಟಿದ್ದವನು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕ. ಮಾರ್ಲಿಸ್ ಒಳಗೆ ಹಲಗೆ ಒರೆಸುತ್ತಾ ಆ ನಗುವನ್ನು ಕೇಳಿಸಿಕೊಂಡಳು. ಓರಿನ್‌ನನ್ನು ನಗಿಸುವ ಯತ್ನವನ್ನು ಅವಳು ಒಮ್ಮೆಯೂ ಮಾಡಿರಲಿಲ್ಲ. ಅವನ ಪಾತ್ರೆಗಳನ್ನು ಯಾವಾಗಲೂ ಆವಿಗೆಯ ಒಳ್ಳೆಯ ಜಾಗದಲ್ಲಿ, ಬಿಸಿ ಸಮನಾಗಿ ತಾಗುವ ನಡುಭಾಗದಲ್ಲಿ ಇಡುತ್ತಿದ್ದಳು. ಅದು ಅವನಿಗೆ ಗೊತ್ತಿರಬಹುದು ಎಂದುಕೊಂಡಿದ್ದಳು.

ಹೋದ ಗುರುವಾರದ ಮಾತೂ ಅಷ್ಟೇ, ಸಣ್ಣದು. ಆವಿಗೆಗೆ ಇಡುವ ಮೊದಲು ಪ್ರತಿಯೊಂದು ಸುಡದ ಪಾತ್ರೆಯನ್ನೂ ಅವಳು ಕೆನ್ನೆಗೆ ಒತ್ತಿ ನೋಡುತ್ತಾಳೆ. ಪೂರ್ತಿ ಒಣಗಿದ ಮಣ್ಣು ಕೋಣೆಯಷ್ಟೇ ಬೆಚ್ಚಗಿರುತ್ತದೆ. ಒಳಗೆ ನೀರು ಉಳಿದಿದ್ದರೆ ತಣ್ಣಗೆ. ನೀರಿರುವುದನ್ನು ಉರಿಗೆ ಹಾಕಿದರೆ ಆ ನೀರು ಆವಿಯಾಗಿ ಹೊರಗೆ ಬರಲು ದಾರಿ ಕಾಣದೆ ಪಾತ್ರೆಯನ್ನೇ ಸಿಡಿಸುತ್ತದೆ. ಕೈಗೆ ಇದು ತಿಳಿಯುವುದಿಲ್ಲ, ಕೆಲಸ ಮಾಡಿದ ಕೈ ದಡ್ಡ; ಕೆನ್ನೆಗೆ ತಿಳಿಯುತ್ತದೆ. ಅವಳ ತಾಯಿ ಜ್ವರ ನೋಡುತ್ತಿದ್ದದ್ದೂ ಹೀಗೆಯೇ, ಕೈಯಿಂದಲ್ಲ, ಹಣೆಗೆ ಕೆನ್ನೆ ಇಟ್ಟು. ಹೋದ ಗುರುವಾರ ಅರ್ಧ ತೆರೆದ ಬಾಗಿಲಿನಿಂದ ಇಣುಕಿದ ಲವಾನ್ ಇದನ್ನು ಕಂಡು, ತಿರುಗಿ ಮೇಜಿನವರಿಗೆ ಕೂಗಿದಳು: "ಅಯ್ಯೋ, ಬನ್ರೀ ನೋಡಿ! ಮಾರ್ಲಿಸ್ ಒಳಗೆ ಯಾರಿಗೂ ಕಾಣ್ದ ಹಾಗೆ ಪಾತ್ರೆಗಳಿಗೆ ಮುತ್ತು ಕೊಡ್ತಾ ಇದಾಳೆ! ನಮಗೆ ಒಂದು ಗುಡ್ ಮಾರ್ನಿಂಗ್‌ಗೂ ಗತಿ ಇಲ್ಲ!" ನಗು ಎದ್ದಿತು. ಅದರಲ್ಲಿ ವಿಷವಿರಲಿಲ್ಲ. ವಿಷವಿದ್ದಿದ್ದರೆ ಉತ್ತರ ಕೊಡಬಹುದಿತ್ತು. ಮಾರ್ಲಿಸ್ ಕೈಯಲ್ಲಿದ್ದ ಬಟ್ಟಲನ್ನು ಕೆಳಗಿಟ್ಟು, ತಾನೂ ನಕ್ಕು, ಆಮೇಲೆ ಬಾಗಿಲನ್ನು ಪೂರ್ತಿ ಹಾಕಿಕೊಂಡಳು. ಕೆನ್ನೆಯ ಮೇಲೆ ಒಣ ಮಣ್ಣಿನ ಪುಡಿ ಹತ್ತಿತ್ತು. ಅದನ್ನು ಒರೆಸಿಕೊಳ್ಳುವಾಗ ಅರವತ್ತಮೂರು ವರ್ಷದ ತನ್ನ ಮುಖ ಅಂಗೈಗೆ ಬೇರೆ ಯಾರದೋ ಮುಖದಂತೆ ಸಿಕ್ಕಿತು.

ಸೋಮವಾರ ಸ್ಟುಡಿಯೋದಲ್ಲಿ ಯಾರೂ ಇರಲಿಲ್ಲ. ಅವಳು ಒಬ್ಬಳೇ ಆವಿಗೆ ತುಂಬಿದಳು. ಮೊದಲು ಓರಿನ್‌ನ ಭರಣಿ, ಕೆಳಗಿನ ಹಲಗೆಯ ನಡುವೆ. ಅದನ್ನು ಎರಡೂ ತೋಳಲ್ಲಿ ಅಪ್ಪಿ ಎತ್ತಿದಳು. ನವೆಂಬರಿನ ಒಂದು ಮಧ್ಯಾಹ್ನ, ಯಾಕೆಂದು ವೈದ್ಯರಿಗೂ ತಿಳಿಯದ ಹಾಗೆ, ಓರಿನ್‌ನ ಕೈ ನಡುಗಲಿಲ್ಲ. ಅವನು ತಿಗರಿಯ ಮುಂದೆ ಕೂತು ಒಂದೇ ಪಟ್ಟಿನಲ್ಲಿ ಮಂಡಿಯೆತ್ತರದ ಭರಣಿಯನ್ನು ಎತ್ತಿದ. ಮೇಜಿನವರೆಲ್ಲ ಮಾತು ನಿಲ್ಲಿಸಿ ಸುತ್ತ ನಿಂತು ನೋಡಿದರು. ಮಾರನೇ ದಿನ ನಡುಕ ಮರಳಿತು, ಮತ್ತೆ ಹೋಗಲಿಲ್ಲ. ಆ ಭರಣಿ ಪ್ಲಾಸ್ಟಿಕ್ಕಿನಡಿ ನಿಧಾನವಾಗಿ ಒಣಗುತ್ತಾ ಇದ್ದ ತಿಂಗಳುಗಳಲ್ಲಿ ಅವನು ಸೂಜಿ ಹಿಡಿದು ಅದರ ಮೈಮೇಲೆ ಅಲೆಗಳನ್ನು ಗೀರುತ್ತಿದ್ದ. ನಡುಗುವ ಕೈಯ ಗೆರೆ ನೀರಿನ ಗೆರೆಯೇ ಆಗುತ್ತಿತ್ತು. ಕೆನ್ನೆಗೆ ಒತ್ತಿದಾಗ ಭರಣಿ ಬೆಚ್ಚಗಿತ್ತು. ಎಲ್ಲ ತುಂಬಿದ ಮೇಲೆ ಭರಣಿಯ ಪಕ್ಕದಲ್ಲಿ ಒಂದು ಜಾಗ ಉಳಿಯಿತು. ಒಣಗಲು ಇಟ್ಟ ಕಪಾಟಿನಲ್ಲಿ ಉಳಿದದ್ದು ಒಂದು ಕೋಳಿ.

ಅವಳು ಅದನ್ನು ಎತ್ತಿಕೊಂಡು ಕೆನ್ನೆಗೆ ಒತ್ತಿದಳು. ಮಂಜುಗಡ್ಡೆಯ ಕೆಳಗಿಂದ ಎಳೆದ ಮೀನಿನಷ್ಟು ತಣ್ಣಗಿತ್ತು.

ಅಲ್ಲಿಂದ ಮುಂದೆ ಏನು ಯೋಚಿಸಿದೆ ಎಂದು ಅವಳು ಮೂರು ದಿನದಿಂದ ತನ್ನನ್ನು ಕೇಳಿಕೊಳ್ಳುತ್ತಿದ್ದಾಳೆ. ಯೋಚಿಸಿದ್ದು ಬಹಳ ಇರಲಿಲ್ಲ. ಜಾಗ ಖಾಲಿ ಬಿಟ್ಟು ಉರಿ ಹಾಕುವುದು ದಂಡ ಎಂದುಕೊಂಡಳು, ಅದು ನಿಜ. ಇವಳೂ ಒಂದು ಸಲ ಕಲಿಯಲಿ ಎಂದುಕೊಂಡಳು, ಅದೂ ನಿಜ. ರಾತ್ರಿಯಿಡೀ ಸಣ್ಣ ಬಿಸಿಯಲ್ಲಿ ಒಣಗಿಸಿ ಆಮೇಲೆ ಉರಿ ಏರಿಸುವ ಗುಂಡಿ ಒಂದಿದೆ, ಅದನ್ನು ಒತ್ತಿದ್ದರೆ ಕೋಳಿ ಉಳಿಯುತ್ತಿತ್ತು. ಅವಳ ಬೆರಳು ಆ ಗುಂಡಿಯನ್ನು ಮುಟ್ಟಿ, ಸ್ವಲ್ಪ ನಿಂತು, ಪಕ್ಕದ್ದನ್ನು, ನೇರ ಉರಿ ಏರಿಸುವುದನ್ನು, ಒತ್ತಿತು. ಕೋಳಿ ಸಿಡಿದರೆ ಪಕ್ಕದ್ದೂ ಒಡೆಯುತ್ತದೆ ಎಂಬುದು ಹೊಸಬಳಾದ ಲವಾನ್‌ಗೆ ಗೊತ್ತಿರಲಾರದು. ಮಾರ್ಲಿಸ್‌ಗೆ ಗೊತ್ತಿತ್ತು. ಗೊತ್ತಿದ್ದದ್ದು ಆ ಗಳಿಗೆಯಲ್ಲಿ ಎಲ್ಲಿ ಹೋಗಿತ್ತು? ಸಂಜೆ ನೆಲ ಒರೆಸುತ್ತಿರುವಾಗ ಆವಿಗೆಯ ಒಳಗಿಂದ ಧಪ್ ಎಂದು ಸದ್ದು ಬಂತು, ಮೇಲಿನ ಮನೆಯಲ್ಲಿ ಯಾರೋ ಹಿಟ್ಟಿನ ಮೂಟೆ ಇಳಿಸಿದ ಹಾಗೆ. ಮೇಲೆ ಮನೆ ಇಲ್ಲ. ಅವಳು ಒರಸು ಕೋಲನ್ನು ಗೋಡೆಗೆ ಒರಗಿಸಿ ಕೋಟು ಹಾಕಿಕೊಂಡು ಹೊರಟುಬಿಟ್ಟಳು. ಬುಧವಾರ ಸೊಂಟ ನೋವು ಎಂದು ಫೋನು ಮಾಡಿ, ಆವಿಗೆ ತೆರೆಯುವ ಕೆಲಸವನ್ನು ಸ್ಟುಡಿಯೋದ ಒಡತಿ ಜೋಲೀನ್‌ಗೆ ಬಿಟ್ಟಳು. ಸಂಜೆ ಜೋಲೀನ್ ಫೋನು ಮಾಡಿದಳು. "ಭರಣಿ ಹೋಯ್ತು ಮಾರ್ಲಿಸ್. ಲವಾನ್‌ದು ಸಿಡಿದುಬಿಟ್ಟಿದೆ. ಪಾಪ, ಅವಳಿಗೆ ಹೇಗೆ ಹೇಳೋದು ಅಂತ…" ಮಾರ್ಲಿಸ್ "ಅಯ್ಯೋ" ಎಂದಳು. ಆ ಅಯ್ಯೋ ನಿಜವಾಗಿಯೇ ಬಂದಿತ್ತು.

ಈಗ ಎಂಜಿನ್ ಆರಿಸಿ ಇಳಿದಳು.

ಬಾಗಿಲು ತೆಗೆದೊಡನೆ ಬೆಚ್ಚಗಿನ ಗಾಳಿ, ಒದ್ದೆ ಮಣ್ಣಿನ ವಾಸನೆ, ಅದರ ಮೇಲೆ ಬೆಂದ ಆಲೂಗಡ್ಡೆ, ಮಾಂಸದ ವಾಸನೆ. ಮೇಜಿನ ನಡುವೆ ದೊಡ್ಡ ಗಾಜಿನ ತಟ್ಟೆಯಲ್ಲಿ ಎರಡನ್ನೂ ಒಟ್ಟಿಗೆ ಬೇಯಿಸಿದ ಹಾಟ್‌ಡಿಶ್. ಅದರ ಪಕ್ಕದಲ್ಲಿ ರಟ್ಟಿನ ಪೆಟ್ಟಿಗೆ, ಪೆಟ್ಟಿಗೆಯ ತುಂಬ ಒಡೆದ ಮಣ್ಣಿನ ಬೋಕಿ. ಅಲೆ ಗೀರಿದ ಚೂರುಗಳು ಮೇಲಕ್ಕೇ ಕಾಣುತ್ತಿದ್ದವು. ಗೋಡೆಯ ಮೇಲೆ ಜೋಲೀನ್ ಬಣ್ಣದಲ್ಲಿ ಬರೆಸಿದ ಮಾತು: ಇಲ್ಲಿ ತಪ್ಪು ಎಂಬುದೇ ಇಲ್ಲ. ಮಾರ್ಲಿಸ್‌ಗೆ ಆ ಮಾತು ಮೊದಲಿನಿಂದಲೂ ಹಿಡಿಸಿರಲಿಲ್ಲ. ಶಾಲೆಯ ಅಡುಗೆಮನೆಯಲ್ಲಿ ಜೀವನ ಕಳೆದವಳು ಅವಳು. ಅಲ್ಲಿ ತಪ್ಪು ಎಂಬುದಿತ್ತು, ತಪ್ಪಾದರೆ ಮಕ್ಕಳಿಗೆ ವಾಂತಿಯಾಗುತ್ತಿತ್ತು.

ಲವಾನ್‌ನ ಕಣ್ಣು ಊದಿಕೊಂಡಿತ್ತು. "ಬಂದ್ಯಾ? ಬಾ ಬಾ, ನೋಡು ನನ್ನ ಅತ್ತೆ ಮಾಡಿದ ಘನಕಾರ್ಯ," ಎಂದಳು, ನಗಲು ಹೋಗಿ. "ಸತ್ಮೇಲೂ ಒಬ್ಬಳೇ ಹೋಗಲಿಲ್ಲ ನೋಡು, ಪಕ್ಕದವರನ್ನೂ ಕರ್ಕೊಂಡೇ ಹೋದಳು." ಯಾರೂ ನಗಲಿಲ್ಲ. ಅವಳು ಪೆಟ್ಟಿಗೆಯನ್ನು ಓರಿನ್‌ನ ಕಡೆ ಸ್ವಲ್ಪ ಸರಿಸಿದಳು. "ರಾತ್ರಿ ಪೂರ್ತಿ ನಿದ್ದೆ ಇಲ್ಲ ನಂಗೆ. ಓರಿನ್, ನಾನು ಏನ್ ಮಾಡ್ಲಿ ಹೇಳಿ. ಇನ್ನೊಂದು ಕೊಂಡ್ಕೊಡ್ಲಾ ಅಂದ್ರೆ ಅಂಥದ್ದು ಎಲ್ಲಿ ಸಿಗುತ್ತೆ."

"ಪರವಾಗಿಲ್ಲ," ಎಂದ ಓರಿನ್. ನಡುಗುವ ಬಲಗೈಯನ್ನು ಎಡಗೈಯಿಂದ ಮುಚ್ಚಿ ತೊಡೆಯ ಮೇಲೆ ಇಟ್ಟುಕೊಂಡಿದ್ದ. "ಹಾಟ್‌ಡಿಶ್ ತಂದಿದ್ದೀಯಲ್ಲ. ಹಡಗಿನಲ್ಲಿ ಇದಕ್ಕಿಂತ ಸಣ್ಣ ಅಡುಗೆಗೆ ದೊಡ್ಡ ದೊಡ್ಡ ಜಗಳ ತೀರಿದ್ದು ನೋಡಿದೀನಿ."

"ಯಾರ ತಪ್ಪೂ ಇಲ್ಲಪ್ಪ," ಎಂದಳು ಜೋಲೀನ್, ಲವಾನ್‌ನ ಭುಜ ಸವರುತ್ತಾ. "ಮಣ್ಣು ತನಗೆ ಬೇಕಾದ ಹಾಗೆ ಮಾಡುತ್ತೆ. ನಾವು ಇಲ್ಲಿಗೆ ಬರೋದು ಮನಸ್ಸು ಹಗುರ ಮಾಡ್ಕೊಳ್ಳೋಕೆ, ಅಲ್ವಾ?"

"ನಾನು ಬರೋದು ಬಿಡ್ತೀನಿ," ಎಂದಳು ಲವಾನ್. "ಇಲ್ಲ ಚಿನ್ನ, ನಿಜಕ್ಕೂ. ನಾನು ಮುಟ್ಟಿದ್ದು ಒಡೆಯುತ್ತೆ. ಇದು ಹೊಸದೇನಲ್ಲ ನಂಗೆ."

ಆ ಮಾತು ತಮಾಷೆಯಲ್ಲ ಎಂದು ಎಲ್ಲರಿಗೂ ತಿಳಿಯಿತು. ಮಾರ್ಲಿಸ್ ಕೋಟು ಬಿಚ್ಚದೆ ನಿಂತಿದ್ದಳು. ವರ್ಷಗಳ ಹಿಂದೆ ಡೆನಿಸ್ ಕೂಡ ಲವಾನ್‌ನ ಹಾಗೇ ನಿಂತಿದ್ದಳು, ಅಂಗೈಯನ್ನು ಇನ್ನೊಂದು ಅಂಗೈಯಲ್ಲಿ ಹಿಡಿದುಕೊಂಡು, ನನ್ನದೇ ತಪ್ಪು ಎನ್ನುತ್ತಾ. ಶಾಲೆಯ ಅಡುಗೆಮನೆಗೆ ಹೊಸದಾಗಿ ಸೇರಿದ ಹುಡುಗಿ; ದೊಡ್ಡ ಸಾರಿನ ಪಾತ್ರೆಯ ಹಿಡಿ ಕಾದಿರುತ್ತದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅವಳ ಕೈ ಹಿಡಿಯ ಕಡೆ ಹೋಗುವುದನ್ನು ಮಾರ್ಲಿಸ್ ಕಂಡಿದ್ದಳು. ಬಾಯಿ ತೆರೆಯುವಷ್ಟು ಸಮಯವಿತ್ತು. ಎಲ್ಲರೂ ಹೀಗೇ ಕಲಿತದ್ದು, ತಾನೂ ಹೀಗೇ ಕಲಿತದ್ದು. ತನಗೆ ಯಾರು ಹೇಳಿಕೊಟ್ಟಿದ್ದರು? ಆಮೇಲೆ ಮುಲಾಮು ಹಚ್ಚಿ, ಬಟ್ಟೆ ಸುತ್ತಿ, ತಾನೇ ಕಾರಿನಲ್ಲಿ ಕೂರಿಸಿಕೊಂಡು ಮನೆಗೆ ಬಿಟ್ಟುಬಂದಳು. ಡೆನಿಸ್ ಇಳಿಯುವಾಗ ಥ್ಯಾಂಕ್ಸ್ ಎಂದಳು. ಒಳ್ಳೆಯವಳೆಂದು ಹೆಸರಾಗುವುದು ಎಷ್ಟು ಸುಲಭ, ನೋವಾದ ಮೇಲೆ ಸಮಯಕ್ಕೆ ಸರಿಯಾಗಿ ಹಾಜರಿದ್ದರೆ ಸಾಕು. ಈಗಲೂ ಲವಾನ್‌ನ ಹತ್ತಿರ ಹೋಗಿ ಅವಳ ಕೆಂಪು ಕೈ ಹಿಡಿದು, ಎಲ್ಲರಿಗೂ ಆಗುತ್ತೆ ಕಣೇ ಎಂದರೆ ಮುಗಿಯಿತು. ಮೇಜಿನವರು ಅವಳನ್ನು ಮೊದಲ ಸಲ ಬೇರೆ ಕಣ್ಣಿನಿಂದ ನೋಡಿಯಾರು. ಆ ಆಸೆ ತನ್ನೊಳಗೆ ಎದ್ದದ್ದನ್ನು ಅವಳು ಕಂಡಳು. ಮೇಜನ್ನು ದಾಟಿ ಆವಿಗೆ ಕೋಣೆಗೆ ನಡೆದಳು.

ಹಿಂದೆಯೇ ಲವಾನ್ ಬಂದಳು.

"ಮಾರ್ಲಿಸ್, ಒಂದು ಮಾತು." ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ಇಲ್ಲಿ ಅವಳ ದನಿ ಬೇರೆಯಾಗಿತ್ತು, ಮೇಜಿಗೆಂದು ಇಟ್ಟುಕೊಂಡ ದನಿಯನ್ನು ಹೊರಗೇ ಬಿಟ್ಟುಬಂದ ಹಾಗೆ. "ಅವರೆಲ್ಲ ಪರವಾಗಿಲ್ಲ ಪರವಾಗಿಲ್ಲ ಅಂತಾರೆ. ಯಾರೂ ಏನಾಯ್ತು ಅಂತ ಹೇಳಲ್ಲ. ಜೋಲೀನ್ ಕೇಳಿದ್ರೆ ಮಣ್ಣಿಗೆ ಮನಸ್ಸಿದೆ ಅಂತಾಳೆ. ಮನಸ್ಸಿದ್ರೆ ಇರ್ಲಿ, ನಂಗೆ ಬೇಕಾದ್ದು ಅದಲ್ಲ. ನೀನು ಕೆಲಸ ಗೊತ್ತಿರೋಳು. ಯಾಕೆ ಸಿಡೀತು ಹೇಳು. ಇನ್ನೊಂದ್ಸಲ ಬರ್ತೀನೋ ಇಲ್ವೋ, ಆದ್ರೆ ಏನ್ ತಪ್ಪು ಮಾಡ್ದೆ ಅಂತ ಗೊತ್ತಿಲ್ದೆ ಹೋಗೋಕೆ ಇಷ್ಟ ಇಲ್ಲ."

"ನೀರಿತ್ತು ಒಳಗೆ," ಎಂದಳು ಮಾರ್ಲಿಸ್. "ಬುಡ ದಪ್ಪ. ಪೂರ್ತಿ ಒಣಗಿರಲಿಲ್ಲ."

"ಮೂರು ವಾರ ಇಟ್ಟಿದ್ದೆ. ಮುಟ್ಟಿದ್ರೆ ಒಣಗಿದ ಹಾಗೇ ಇತ್ತು."

"ಕೈಗೆ ಹಾಗೇ ಅನ್ಸುತ್ತೆ."

"ಮತ್ತೆ ಹೇಗೆ ಗೊತ್ತಾಗೋದು?"

ಆವಿಗೆಯ ಮುಚ್ಚಳ ತೆರೆದೇ ಇತ್ತು. ಒಳಗೆ, ಕೆಳಗಿನ ಇಟ್ಟಿಗೆಯ ಮೇಲೆ ಸಣ್ಣ ಚೂರುಗಳು ಇನ್ನೂ ಉಳಿದಿದ್ದವು. ಜೋಲೀನ್‌ಗೆ ಆವಿಗೆ ಗುಡಿಸಲು ಬಾರದು, ಮೂಲೆಗೆ ಬ್ರಷ್ಷು ಹೋಗುವುದಿಲ್ಲ. ಹೇಳದಿರಲು ಎಷ್ಟೊಂದು ದಾರಿಗಳಿದ್ದವು. ಇನ್ನೂ ಒಂದು ವಾರ ಹೆಚ್ಚು ಇಡು ಎನ್ನಬಹುದು. ಬುಡ ತೆಳ್ಳಗೆ ಮಾಡು ಎನ್ನಬಹುದು. ಎರಡೂ ಸುಳ್ಳಲ್ಲ. ಸುಳ್ಳು ಹೇಳದೆಯೇ ಈ ಕೋಣೆಯಿಂದ ಹೊರಗೆ ಹೋಗಲು ಸಾಧ್ಯವಿತ್ತು, ಕೀಲಿ ಕೋಟಿನ ಜೇಬಿನಲ್ಲಿ ಇದ್ದಲ್ಲೇ ಇರುತ್ತಿತ್ತು. ಮಾರ್ಲಿಸ್ ಕಪಾಟಿನ ಕಡೆ ತಿರುಗಿದಳು. ಮೇಲಿನ ಹಲಗೆಯಿಂದ ಒಂದು ಒಣ ಬಟ್ಟಲು ತೆಗೆದುಕೊಂಡಳು. ಕೆಳಗಿನ ಹಲಗೆಯಿಂದ ಹೋದ ವಾರ ಮಾಡಿದ್ದು ಇನ್ನೊಂದು. ತನ್ನ ಕೈ ಇದನ್ನು ಮಾಡುತ್ತಿರುವುದನ್ನು ಅವಳು ದೂರದಿಂದ ನೋಡಿದಳು. ಸೋಮವಾರ ಗುಂಡಿ ಒತ್ತಿದ ಕೈಯೂ ಇದೇ.

"ಕಣ್ಣು ಮುಚ್ಚು," ಎಂದಳು. "ಕೆನ್ನೆ ಕೊಡು."

ಲವಾನ್ ಕಣ್ಣು ಮುಚ್ಚಿದಳು. ಮುಚ್ಚಿದ ಕಣ್ಣಿನ ಆ ಮುಖ ದಣಿದಿತ್ತು, ವಯಸ್ಸಾಗಿತ್ತು. ಮಾರ್ಲಿಸ್ ಮೊದಲ ಬಟ್ಟಲನ್ನು ಅವಳ ಕೆನ್ನೆಗೆ ಒತ್ತಿದಳು.

"ಏನೂ ಅನ್ಸಲ್ಲ," ಎಂದಳು ಲವಾನ್.

"ಇದು?"

"ಅಯ್ಯಪ್ಪ! ತಣ್ಣಗಿದೆ." ಕಣ್ಣು ತೆರೆದಳು. ಬಟ್ಟಲನ್ನು ತಾನೇ ಕೈಗೆ ತೆಗೆದುಕೊಂಡು, ಒಂದು ಸಲ ಬೆರಳಿನಿಂದ ಮುಟ್ಟಿ, ಮತ್ತೆ ಕೆನ್ನೆಗೆ ಇಟ್ಟು, ಮತ್ತೆ ಬೆರಳಿನಿಂದ ಮುಟ್ಟಿ ನೋಡಿದಳು. ಮುಖ ಅರಳಿತು, ಮಗುವಿನ ಹಾಗೆ. "ಕೈಗೆ ಎರಡೂ ಒಂದೇ. ಕೆನ್ನೆಗೆ ಮಾತ್ರ… ಎಲಾ ಇವಳ! ಇದಕ್ಕಾ ನೀನು! ಮತ್ತೆ ನಾನು ಮುತ್ತು ಕೊಡ್ತೀಯ ಅಂತ ಊರಿಗೆಲ್ಲ ಸಾರಿಬಿಟ್ನಲ್ಲೇ ಮಾರಾಯ್ತಿ. ಪ್ರತಿಯೊಂದನ್ನೂ ಹೀಗೆ ನೋಡ್ತೀಯಾ?"

"ಪ್ರತಿಯೊಂದನ್ನೂ."

ಲವಾನ್ ಇನ್ನೂ ನಗುತ್ತಿದ್ದಳು. ಆ ನಗು ಒಮ್ಮೆಗೇ ಹೋಗಲಿಲ್ಲ. ಮೊದಲು ಕಣ್ಣಿನಿಂದ ಹೋಯಿತು, ಆಮೇಲೆ ಬಾಯಿಯಿಂದ. ಬಟ್ಟಲನ್ನು ಕಪಾಟಿನ ಮೇಲೆ ಇಟ್ಟಳು, ಬಹಳ ನಿಧಾನವಾಗಿ, ಅದು ಒಡೆಯಬಾರದೆಂದು.

"ನನ್ನ ಕೋಳಿನೂ ನೋಡಿದ್ಯಾ?"

"ನೋಡ್ದೆ."

"ತಣ್ಣಗಿತ್ತಾ?"

"ತಣ್ಣಗಿತ್ತು."

ಹೊರಗೆ ಯಾರೋ ಕಾಫಿ ಬಗ್ಗಿಸುವ ಸದ್ದು. ಲವಾನ್ ಆವಿಗೆಯ ಹತ್ತಿರ ಬಂದಳು. ತನ್ನ ಕೆಂಪು ಕೈಗಳನ್ನು ಒಂದರೊಳಗೊಂದು ಸೇರಿಸಿ, ಆವಿಗೆಯೊಳಗೆ ಇಣುಕಿ, ಆ ಉಳಿದ ಚೂರುಗಳನ್ನು ನೋಡಿದಳು.

"ಮರೆತುಹೋಗಿ ಇಟ್ಯಾ?" ಎಂದು ಕೇಳಿದಳು. ಇದು ಪ್ರಶ್ನೆಯಲ್ಲ, ಬಾಗಿಲು ಎಂದು ಮಾರ್ಲಿಸ್‌ಗೆ ತಿಳಿಯಿತು. ಲವಾನ್ ಅವಳಿಗಾಗಿ ಬಾಗಿಲು ತೆರೆದು ಹಿಡಿದಿದ್ದಳು.

"ಇಲ್ಲ."

"ಆ ಮುತ್ತಿನ ಮಾತಿಗಾ?"

ಅದನ್ನು ಗಟ್ಟಿಯಾಗಿ ಕೇಳಿದಾಗ ಎಷ್ಟು ಚಿಕ್ಕದು. ಮಂಡಿಯೆತ್ತರದ ಭರಣಿಯ ಪಕ್ಕದಲ್ಲಿಟ್ಟು ನೋಡಿದರೆ ಉಗುರಿನಷ್ಟೂ ಇಲ್ಲ. ಬೇರೆ ಏನಾದರೂ ದೊಡ್ಡ ಕಾರಣ ಇದ್ದೀತೆಂದು ಅವಳು ಮೂರು ದಿನ ತನ್ನೊಳಗೆ ಹುಡುಕಿದ್ದಳು. "ಅದಕ್ಕೇ ಇರಬೇಕು," ಎಂದಳು. "ಅವರೆಲ್ಲ ನಿನ್ನ ಹತ್ತಿರ ಕೂತ್ಕೊಳ್ತಾರೆ. ಅದಕ್ಕೂ."

ಲವಾನ್ ಅವಳ ಕಡೆ ತಿರುಗಿದಳು. "ನಾನು ನಿನ್ನೆ ರಾತ್ರಿಯೆಲ್ಲ ಅತ್ತಿದೀನಿ," ಎಂದಳು. "ಬೆಳಿಗ್ಗೆ ಕೆಲಸದಲ್ಲಿ ಹಾಸಿಗೆ ಬಟ್ಟೆ ಮಡಿಸ್ತಾ ಅತ್ತಿದೀನಿ. ನೀನು ಮನೇಲಿ ಸೊಂಟ ನೋವು ಅಂತ ಮಲಗಿದ್ದೆ." ಆಮೇಲೆ, ದನಿ ತಗ್ಗಿಸಿ: "ನಂಗೆ ಹೇಳಿದ್ದಾಯ್ತು. ನನ್ನ ಕೋಳಿ ಹೋದ್ರೆ ಹೋಯ್ತು, ಅದೇನು ದೊಡ್ಡ ಕೋಳಿಯಲ್ಲ. ಓರಿನ್‌ಗೆ ಹೋಗಿ ಹೇಳು. ನಾನು ಹೇಳಲ್ಲ. ನೀನು ಹೇಳು." ಹೊರಗೆ ಹೋದಳು.

ಆವಿಗೆ ಕೋಣೆಯಿಂದ ಮೇಜಿಗೆ ದೂರವೇನಿಲ್ಲ. ಆ ದೂರವನ್ನು ಅವಳು ಒಂಬತ್ತು ವರ್ಷ ಕಾಪಾಡಿಕೊಂಡು ಬಂದಿದ್ದಳು. ಮೇಜಿನ ಹತ್ತಿರ ಓರಿನ್ ಪೆಟ್ಟಿಗೆಯಿಂದ ಒಂದು ಚೂರು ತೆಗೆದು ಹೆಬ್ಬೆರಳಿನಿಂದ ಅಲೆಯ ಗೆರೆ ಸವರುತ್ತಿದ್ದ. ಅವಳು ಅವನ ಎದುರು ನಿಂತು ಹೇಳಿದಳು. ಉದ್ದ ಮಾಡಲಿಲ್ಲ. ಕೋಳಿ ಒಣಗಿಲ್ಲವೆಂದು ತನಗೆ ಗೊತ್ತಿತ್ತು, ಗೊತ್ತಿದ್ದೂ ಇಟ್ಟೆ, ಒಣಗಿಸುವ ಗುಂಡಿ ಒತ್ತಬಹುದಿತ್ತು, ಒತ್ತಲಿಲ್ಲ, ಸದ್ದು ಕೇಳಿತು, ಹೊರಟುಹೋದೆ.

ಮೊದಲು ಮಾತಾಡಿದ್ದು ಜೋಲೀನ್. "ಮಾರ್ಲಿಸ್, ಹೀಗೆಲ್ಲ ನಿನ್ನನ್ನೇ ನೀನು ಹೊಡ್ಕೋಬೇಡ. ಇಲ್ಲಿ ಯಾರೂ ಬೇಕೂಂತ ಏನೂ ಮಾಡಲ್ಲ. ನಾವೆಲ್ಲ ಒಂದೇ ಮನೆಯವರ ಹಾಗೆ…"

"ಜೋಲೀನ್," ಎಂದ ಓರಿನ್, "ಸ್ವಲ್ಪ ಸುಮ್ನಿರಮ್ಮ." ಚೂರನ್ನು ಪೆಟ್ಟಿಗೆಗೆ ಹಾಕಲು ಹೋದ. ಕೈ ನಡುಗಿ ಅದು ಅಂಚಿಗೆ ತಾಗಿ ಟಕಟಕ ಎಂದಿತು, ಆಮೇಲೆ ಒಳಗೆ ಬಿತ್ತು. ಯಾರೂ ಸಹಾಯಕ್ಕೆ ಕೈ ಚಾಚಲಿಲ್ಲ. "ಪಕ್ಕದಲ್ಲಿ ನಂದಿತ್ತು ಅಂತ ನಿಂಗೆ ಗೊತ್ತಿತ್ತು."

"ನಾನೇ ಇಟ್ಟಿದ್ದು."

"ನನ್ನ ಕೈ ನೋಡಿದೀಯ."

"ನೋಡಿದೀನಿ."

ಅವನು ತಲೆಯಾಡಿಸಿದ. ಮುಖದಲ್ಲಿ ಸಿಟ್ಟು ಬರಲು ಹೊತ್ತು ಹಿಡಿಯಿತು. ಬಂದಾಗ ಅದು ದೊಡ್ಡದಾಗಿರಲಿಲ್ಲ, ಗಟ್ಟಿಯಾಗಿತ್ತು. "ಲವಾನ್‌ಗೆ ಪರವಾಗಿಲ್ಲ ಅಂದೆ. ಅದು ಬಾಯಿ ಮಾತಲ್ಲ, ಅವಳಿಗೇನು ಗೊತ್ತಿತ್ತು ಪಾಪ. ನಿಂಗೆ ಅದನ್ನ ಹೇಳಲ್ಲ. ಪರವಾ ಇದೆ, ಬಹಳ ಇದೆ."

ಆ ಮಾತು ಮಾರ್ಲಿಸ್‌ಗೆ ಸರಿಯಾಗಿ ಅಳೆದು ಕೊಟ್ಟ ಹಾಗಿತ್ತು. ಗೋಡೆಯ ಮೇಲಿನ ಬರಹದ ಕೆಳಗೆ ಕೂತು ಅವನು ಅದನ್ನು ಹೇಳಿದ್ದ. ಈ ಕಟ್ಟಡದೊಳಗೆ ಇಷ್ಟು ವರ್ಷದಲ್ಲಿ ಯಾರೂ ಯಾರಿಗೂ ಹೇಳದಿದ್ದ ಮಾತು. ಅವಳು ಕೀಲಿಬಳೆಯಿಂದ ಆವಿಗೆ ಕೋಣೆಯ ಕೀಲಿ ಬಿಡಿಸಲು ಹೋದಳು, ಬಳೆ ಬಿಗಿ, ಉಗುರು ಸಿಕ್ಕಿ ಸೀಳಿತು. ಅಷ್ಟು ಹೊತ್ತೂ ಎಲ್ಲರೂ ಅವಳ ಉಗುರನ್ನೇ ನೋಡುತ್ತಿದ್ದರು. ಕೊನೆಗೂ ಬಿಡಿಸಿ ಮೇಜಿನ ಮೇಲೆ ಇಟ್ಟಳು.

"ಕೀಲಿ ಯಾರೂ ಕೇಳಿಲ್ಲ," ಎಂದಳು ಜೋಲೀನ್.

"ಕೊಟ್ಟಿದಾಳೆ, ತಗೋ," ಎಂದ ಓರಿನ್.

ಇನ್ನು ಮಾಡಲು ಅವಳಿಗೆ ಕೆಲಸವಿರಲಿಲ್ಲ. ಆವಿಗೆ ಗುಡಿಸುವ ಹಾಗಿಲ್ಲ, ಹಲಗೆ ಒರೆಸುವ ಹಾಗಿಲ್ಲ. ಕೋಟು ಮೈಮೇಲೇ ಇತ್ತು, ಹೊರಟುಬಿಡಬಹುದಿತ್ತು. ಸೋಮವಾರ ಹೊರಟ ಹಾಗೆ. ಮೇಜಿನ ಕೊನೆಯಲ್ಲಿ, ಮಣ್ಣಿನ ಚೀಲ ಇಡುವ ಸ್ಟೂಲು ಒಂದಿತ್ತು. ಅವಳು ಚೀಲವನ್ನು ಕೆಳಗೆ ಇಳಿಸಿ ಕೂತಳು. ಎರಡೂ ಕೈಗಳನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಮೇಜಿನ ಮೇಲೆ ಇಟ್ಟಳು. ಗಾಜಿನ ಮೇಲೆ ಕಟ್ಟಿದ ಹನಿ ಜಾರಿ ಒಂದು ಸೀಳು ಮಾಡಿತ್ತು, ಅದರಲ್ಲಿ ಅವಳ ಕಾರು ಕಾಣುತ್ತಿತ್ತು. ಹೊರಗಿನಿಂದ ನೋಡುವವರಿಗೆ ಈಗ ಇಲ್ಲಿ ಅವಳದೂ ಒಂದು ಆಕಾರ.

ಲವಾನ್ ಹಾಟ್‌ಡಿಶ್ ಬಡಿಸಲು ಎದ್ದಳು. ಓರಿನ್‌ಗೆ ಹಾಕಿದಳು, ಜೋಲೀನ್‌ಗೆ ಹಾಕಿದಳು, ಎಲ್ಲರಿಗೂ ಹಾಕುತ್ತಾ ಬಂದು ಮಾರ್ಲಿಸ್‌ನ ಹತ್ತಿರ ಸೌಟು ಹಿಡಿದು ನಿಂತಳು. ಬಡಿಸದೆ ಹೋಗಿಬಿಡುತ್ತಾಳೆ ಅನ್ನಿಸಿತು. ಮುಖ ನೋಡದೆ ತಟ್ಟೆಗೆ ಹಾಕಿ ಮುಂದೆ ನೂಕಿದಳು. ಅಂಚಿನ ತುಂಡು, ತಳ ಹಿಡಿದದ್ದು. ಮಾರ್ಲಿಸ್ ತಿಂದಳು. ಅದು ಬಿಸಿಯಾಗಿತ್ತು.

ಅಂಥ ಭರಣಿ ಓರಿನ್‌ಗೆ ಮತ್ತೆ ಆಗಲಿಲ್ಲ. ಮುಂದಿನ ಚಳಿಗಾಲಕ್ಕೆ ಅವನು ತಿಗರಿಯ ಹತ್ತಿರ ಕೂರುವುದನ್ನೇ ಬಿಟ್ಟ. ಗುರುವಾರಗಳಲ್ಲಿ ಬರುತ್ತಾನೆ, ಕಾಫಿ ಕುಡಿಯುತ್ತಾನೆ, ಮಾರ್ಲಿಸ್ ಜೊತೆ ಮಾತಾಡುವುದಿಲ್ಲ. ಆವಿಗೆ ಕೋಣೆಯ ಕೀಲಿ ಲವಾನ್‌ನ ಹತ್ತಿರ ಇದೆ. ಅವಳು ಪ್ರತಿಯೊಂದನ್ನೂ ಕೆನ್ನೆಗೆ ಒತ್ತಿ ನೋಡುತ್ತಾಳೆ, ಬಾಗಿಲು ಪೂರ್ತಿ ತೆಗೆದಿಟ್ಟುಕೊಂಡು. ಮಾರ್ಲಿಸ್ ಎಲ್ಲರ ಹಾಗೆ ತಿಂಗಳಿಗೆ ತೊಂಬತ್ತು ಡಾಲರ್ ಕೊಡುತ್ತಾಳೆ. ಆ ಸ್ಟೂಲಿನ ಮೇಲೆ ಈಗ ಯಾರೂ ಮಣ್ಣಿನ ಚೀಲ ಇಡುವುದಿಲ್ಲ. ಅವಳಿಗೆ ಸಿಕ್ಕಿದ್ದು ಅಷ್ಟು.